ಅರ್ಧ ನಾನು ಹೇಳ್ತೀನಿ, ಉಳಿದರ್ಧ ನೀವು

ಗುಬ್ಬಿಯ ಅರ್ಧ ಊರಿಗೆ ಇಂಗ್ಲಿಷ್ ಕಲಿಸಿದ ನಮ್ಮ ರತ್ನ ಮಿಸ್ ಒಂದೂವರೆ ತಿಂಗಳಿಂದ ಒಂದು ಮಾತೂ ಆಡಿರಲಿಲ್ಲ. ಇಂಗ್ಲಿಷ್ ಬಿಡಿ, ಕನ್ನಡವೂ ಇಲ್ಲ. ಹೋದ ತಿಂಗಳು ಒಂದು ಗುರುವಾರ ತುಮಕೂರಿನ ಬಟವಾಡಿಯ ರಸ್ತೆ ಬದಿಯಲ್ಲಿ, ಲಾರಿಗಳ ಹಾರ್ನ್ ನಡುವೆ ಆಟೋಗೆ ಕಾಯುತ್ತಾ ನಿಂತಿದ್ದಾಗ ಅವರು ಬಾಯಿಬಿಟ್ಟರು.

“ಬ್ಲೂ ಮೂನ್” ಅಂದರು.

ಅಲ್ಲಿದ್ದವರು ಮೂರೇ ಜನ. ಮಿಸ್, ಅವರ ಯಜಮಾನರು ಗಂಗಾಧರಣ್ಣ, ಮತ್ತೆ ನಾನು. ಇಬ್ಬರಿಗೆ ಕಣ್ಣಲ್ಲಿ ನೀರು ಬಂತು. ಮೂರನೆಯವರು, ಅಂದರೆ ಮಿಸ್, ಇವರಿಗೇನಾಯಿತು ಅನ್ನುವ ಹಾಗೆ ನಮ್ಮಿಬ್ಬರ ಮುಖ ನೋಡುತ್ತಿದ್ದರು.

ಮೊದಲಿಂದ ಹೇಳುತ್ತೇನೆ.

ಮಿಸ್‌ಗೆ ಸ್ಟ್ರೋಕ್ ಆಗಿತ್ತು. ಕೈಕಾಲು ಬೇಗ ಸುಧಾರಿಸಿತು. ಮಾತು ಮಾತ್ರ ಹೋಯಿತು. ನಾವು ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತದೆ. ತಲೆಯಾಡಿಸುತ್ತಾರೆ, ನಗುತ್ತಾರೆ, ಟಿವಿ ಸೀರಿಯಲ್ ನೋಡಿ ಮುಖ ಸಿಂಡರಿಸುತ್ತಾರೆ. ಆದರೆ ತಾವೇ ಏನಾದರೂ ಹೇಳಬೇಕು ಅಂತ ಬಾಯಿ ತೆರೆದರೆ ಶಬ್ದವೇ ಸಿಗುವುದಿಲ್ಲ. ಎದುರಿಗೆ ಲೋಟ ಇದೆ, ಅದು ಲೋಟ ಅಂತ ಗೊತ್ತಿದೆ, ‘ಲೋಟ’ ಅನ್ನುವುದು ಬಾಯಿಗೆ ಬರುವುದಿಲ್ಲ. ಯೋಚಿಸಿ ನೋಡಿ. ಇಡೀ ಜೀವನ ಮಾತಾಡಿಯೇ ಅನ್ನ ತಿಂದ ಮೇಷ್ಟ್ರಿಗೆ ಇದಕ್ಕಿಂತ ಕಷ್ಟ ಯಾವುದಿದೆ?

ವಾರಕ್ಕೆರಡು ಸಲ ಗಂಗಾಧರಣ್ಣ ಮಿಸ್ ಅವರನ್ನು ಗುಬ್ಬಿಯಿಂದ ಬಸ್ಸಿನಲ್ಲಿ ಬಟವಾಡಿಗೆ ಕರೆತರುತ್ತಾರೆ. ಅಲ್ಲೊಬ್ಬರು ಸ್ಪೀಚ್ ಥೆರಪಿಸ್ಟ್ ಇದ್ದಾರೆ. ಕುಣಿಗಲ್ ಕಡೆಯ ಹುಡುಗಿ, ಬಹಳ ತಾಳ್ಮೆಯವರು. ಅವರ ಕ್ಲಿನಿಕ್ ನನ್ನ ಮನೆ ಪಕ್ಕದ ರಸ್ತೆಯಲ್ಲೇ ಇರುವುದರಿಂದ ರಜೆ ಇದ್ದ ದಿನ ನಾನೂ ಹೋಗಿ ಕೂರುತ್ತೇನೆ. (ಹಳೆಯ ವಿದ್ಯಾರ್ಥಿ ಅಂದ ಮೇಲೆ ಅಷ್ಟಾದರೂ ಮಾಡಬೇಡವೇ?)

ಗಂಗಾಧರಣ್ಣನ ಬಗ್ಗೆ ಎರಡು ಮಾತು. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ರಿಟೈರ್ ಆದವರು. ಗುಬ್ಬಿಯಿಂದ ತುಮಕೂರಿಗೆ ಕಾಲೇಜಿಗೆ ಓಡಾಡುತ್ತಿದ್ದ ನಮಗೆಲ್ಲ ಅವರು ಗೊತ್ತು. ಅವರ ಇಂಗ್ಲಿಷ್ ‘ಹೋಲ್ಡಾನ್’ನಿಂದ ಶುರುವಾಗಿ ‘ರೈಟ್ ರೈಟ್’ಗೆ ಮುಗಿಯುತ್ತಿತ್ತು. ಹೆಂಡತಿ ಕ್ಲಾಸಿನಲ್ಲಿ ಇಂಗ್ಲಿಷ್ ಕಲಿಸುವುದು, ಗಂಡ ಅದೇ ಹುಡುಗರನ್ನು “ಒಳಿಕ್ ನಡೀರ್ಲಾ” ಅಂತ ಬಸ್ಸಿಗೆ ತುಂಬುವುದು. ಒಳ್ಳೆ ಜೋಡಿ.

ಆ ಗುರುವಾರ ಥೆರಪಿಸ್ಟ್ ಬಣ್ಣದ ಕಾರ್ಡ್ ತೋರಿಸಿದರು. ಕೆಂಪು, ಹಸಿರು, ನೀಲಿ. ಮಿಸ್ ಒಂದನ್ನೂ ಹೇಳಲಿಲ್ಲ. ಆಮೇಲೆ ಗಂಗಾಧರಣ್ಣನ ಕಡೆ ಕೈ ತೋರಿಸಿ, “ಅಮ್ಮಾ, ಇವರ ಹೆಸರೇನು ಹೇಳಿ” ಅಂದರು. ಮಿಸ್ ತಲೆ ತಗ್ಗಿಸಿದರು. ಥೆರಪಿಸ್ಟ್ ಸೊನ್ನೆ ಹಾಕಿಕೊಂಡರು.

ಗಂಗಾಧರಣ್ಣ ತಡೆಯಲಾರದೆ ಹೇಳಿದರು. “ಮೇಡಂ, ಅದೊಂದಕ್ಕೆ ಮಾರ್ಕ್ಸ್ ಕಟ್ ಮಾಡ್ಬೇಡಿ. ಚೆನ್ನಾಗಿದ್ದಾಗ್ಲೂ ನನ್ ಹೆಸ್ರು ಹೇಳ್ದೋಳಲ್ಲ ಅವ್ಳು.”

ಥೆರಪಿಸ್ಟ್ ಜೋರಾಗಿ ನಕ್ಕರು. ಮಿಸ್ ಕೂಡ ನಕ್ಕರು. ಆಮೇಲೆ ಪೇಷೆಂಟ್ ಒಬ್ಬರೇ ಇದ್ದರೆ ಒಳ್ಳೆಯದು ಅಂತ ನಮ್ಮಿಬ್ಬರನ್ನೂ ಆಚೆ ಕಳಿಸಿದರು.

ಆಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, “ಹಂಗಾದ್ರೆ ಮಿಸ್ ನಿಮ್ಮನ್ನ ಏನಂತ ಕರೀತಿದ್ರು ಅಣ್ಣಾ?” ಅಂತ ಕೇಳಿದೆ. ಗೊತ್ತಿದ್ದೂ ಕೇಳಿದೆ.

“ಇನ್ನೇನಂತ? ರೀ ಅಂತ” ಅಂದರು. ಬಾಗಿಲ ಕಡೆ ನೋಡುತ್ತಾ ಮುಂದುವರಿಸಿದರು. “ಅವ್ಳು ಪಾಠ ಮಾಡೋದ್ ಬೇಡ, ಇಂಗ್ಲಿಷ್ ಮಾತಾಡೋದ್ ಬೇಡ ಕಣಯ್ಯಾ. ಒಂದ್ ಸಲ ‘ರೀ’ ಅಂದ್ಬುಟ್ರೆ ಸಾಕು. ಇಡೀ ದಿನ ಮನೇಲಿ ಯಾರೂ ಕರೆಯೋರಿಲ್ಲ. ನಾನೇ ಎಲ್ಲೋ ಕಳ್ದೋಗಿದೀನಿ ಅನ್ಸುತ್ತೆ.”

ಬರುತ್ತೆ ಬಿಡಿ ಅಣ್ಣಾ ಅಂದೆ.

ಥೆರಪಿ ಮುಗಿಯಿತು. ಮೂವರೂ ರಸ್ತೆಗೆ ಬಂದೆವು. ವಾತಾವರಣ ಹಗುರ ಮಾಡೋಣ ಅಂತಲೋ ಏನೋ ಗಂಗಾಧರಣ್ಣ, “ಏನಯ್ಯಾ, ಗುಬ್ಬಿ ಕಡೆ ಬರೋದೇ ಬುಟ್ಬುಟ್ಯಲ್ಲ” ಅಂದರು. ನಾನು ಎಂದಿನ ಅಭ್ಯಾಸದಂತೆ, “ಎಲ್ಲಣ್ಣಾ, ಡ್ಯೂಟಿನೇ ಆಯ್ತು. ಒನ್ಸ್ ಇನ್ ಎ...” ಅನ್ನುವಷ್ಟರಲ್ಲಿ ಲಾರಿಯೊಂದು ಕಿವಿ ಕಿತ್ತು ಹೋಗುವ ಹಾಗೆ ಹಾರ್ನ್ ಹೊಡೆದುಕೊಂಡು ಹೋಯಿತು. ನನ್ನ ಮಾತು ಅಲ್ಲೇ ನಿಂತಿತು.

ಲಾರಿ ಹೋದ ಮೇಲೆ, ಹಿಂದಿನಿಂದ ಸ್ಪಷ್ಟವಾಗಿ, ಗಟ್ಟಿಯಾಗಿ, ಕ್ಲಾಸಿನಲ್ಲಿ ಕೇಳುತ್ತಿದ್ದ ಅದೇ ದನಿಯಲ್ಲಿ ಕೇಳಿಸಿತು. “ಬ್ಲೂ ಮೂನ್.”

ಅರ್ಧ ಗಂಟೆಯ ಹಿಂದೆ ನೀಲಿ ಕಾರ್ಡ್ ಹಿಡಿದು ತೋರಿಸಿದರೆ ‘ಬ್ಲೂ’ ಅನ್ನಲು ಆಗದಿದ್ದ ಹೆಂಗಸು ಅದು. ನಾನು ತಡವರಿಸುತ್ತಲೇ ಕೇಳಿದೆ. “ಬೈ ಹುಕ್ ಆರ್...”

“ಬೈ ಕ್ರುಕ್.”

“ಲೀವ್ ನೋ ಸ್ಟೋನ್...”

“ಅನ್‌ಟರ್ನ್ಡ್.”

ಆಟೋ ಬಂದು ನಿಂತಿತು. ಹತ್ತುವವರು ಯಾರು? ಮೂವರೂ ವಾಪಸ್ ಕ್ಲಿನಿಕ್‌ಗೆ ಓಡಿದೆವು.

ಇದು ಹೇಗಾಯಿತು ಅಂತ ನಿಮಗೆ ತಿಳಿಯಬೇಕಾದರೆ ರತ್ನ ಮಿಸ್ ಅವರ ಶನಿವಾರದ ಕ್ಲಾಸ್ ಗೊತ್ತಿರಬೇಕು.

ನಮ್ಮದು ಕನ್ನಡ ಮೀಡಿಯಂ. ಇಂಗ್ಲಿಷ್ ಅಂದರೆ ಜ್ವರ ಬರುತ್ತಿದ್ದ ಕಾಲ. ಮಿಸ್ ಶನಿವಾರ ಬೆಳಗಿನ ಕೊನೆಯ ಪೀರಿಯಡ್‌ನಲ್ಲಿ ಪುಸ್ತಕ ಮುಚ್ಚಿಸಿ, ಎಲ್ಲರನ್ನೂ ಹೊಂಗೆ ಮರದ ಕೆಳಗೆ ಕೂರಿಸಿ ಈಡಿಯಂ, ಅಂದರೆ ನುಡಿಗಟ್ಟು, ಹೇಳಿಸುತ್ತಿದ್ದರು. “ಅರ್ಧ ನಾನು ಹೇಳ್ತೀನಿ, ಉಳಿದರ್ಧ ನೀವು” ಅನ್ನುತ್ತಿದ್ದರು. ಅಷ್ಟೇ ನಿಯಮ. ಅವರು “ಎ ಬೋಲ್ಟ್ ಫ್ರಮ್ ದಿ...” ಅಂದರೆ ನಾವು ಮರದ ಮೇಲಿನ ಕಾಗೆ ಹಾರಿಹೋಗುವ ಹಾಗೆ “ಬ್ಲೂ” ಅನ್ನಬೇಕು. ಆಮೇಲೆ ಯಾರಾದರೊಬ್ಬರು ಎದ್ದು ಅದಕ್ಕೆ ನಮ್ಮೂರಿನದೇ ಉದಾಹರಣೆ ಕೊಡಬೇಕು. ಲಂಡನ್ನಿನ ಉದಾಹರಣೆ ನಡೆಯುವುದಿಲ್ಲ.

ಒನ್ಸ್ ಇನ್ ಎ ಬ್ಲೂ ಮೂನ್ ಅಂದರೆ ಅಮಾವಾಸ್ಯೆಗೋ ಹುಣ್ಣಿಮೆಗೋ ಒಂದು ಸಲ ಅಂತ. “ನಮ್ ಬೀದಿ ನಲ್ಲೀಲಿ ನೀರು ಬರೋದು ಮಿಸ್” ಅಂದಿದ್ದ ಒಬ್ಬ. ಬೋಲ್ಟ್ ಫ್ರಮ್ ದಿ ಬ್ಲೂ ಅಂದರೆ ಬರಸಿಡಿಲು ಬಡಿದಂತೆ. ಅದಕ್ಕೆ ಹೆಬ್ಬೂರಿನ ಮಂಜ ಎದ್ದು ನಿಂತು, “ನಮ್ಮಪ್ಪ ಸ್ಕೂಲ್‌ಗೆ ಬಂದಿದ್ದು ಮಿಸ್” ಅಂದ. ಮಿಸ್ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಹೀಗೆ ಒಂದು ಬ್ಯಾಚ್ ಅಲ್ಲ, ಅವರು ರಿಟೈರ್ ಆಗುವವರೆಗೂ ಎಲ್ಲಾ ಬ್ಯಾಚ್‌ಗಳಿಗೂ. ಪ್ರತಿ ಶನಿವಾರ, ಅದೇ ಮರ, ಅದೇ ಮಾತು. ಬಾಯಿಪಾಠ ಮಾಡಿಸುತ್ತಾರೆ, ಇದರಿಂದ ಇಂಗ್ಲಿಷ್ ಬರುವುದಿಲ್ಲ ಅಂತ ಮೂಗು ಮುರಿದವರೂ ಇದ್ದರು.

ಈಗ ಥೆರಪಿಸ್ಟ್ ಹೇಳಿದ್ದು ಕೇಳಿ. “ನಾವು ಹೊಸದಾಗಿ ಜೋಡಿಸಿ ಆಡೋ ಮಾತೇ ಬೇರೆ ಸರ್, ಹೇಳಿ ಹೇಳಿ ನಾಲಿಗೆಗೆ ಅಂಟಿಕೊಂಡಿರೋ ಮಾತೇ ಬೇರೆ. ಮೊದಲನೇದು ಹೋದ್ರೂ ಎರಡನೇದು ಎಷ್ಟೋ ಜನಕ್ಕೆ ಉಳ್ಕೊಂಡಿರುತ್ತೆ. ಕೆಲವರಿಗೆ ದೇವರ ಸ್ತೋತ್ರ, ಕೆಲವರಿಗೆ ಹಾಡು, ಕೆಲವರಿಗೆ ಬೈಗುಳ. ಮನೇಲಿ ಕರೆಂಟ್ ಹೋದಾಗ ಯುಪಿಎಸ್‌ಗೆ ಕೊಟ್ಟಿರೋ ಬಲ್ಬ್ ಉರಿಯಲ್ವಾ, ಹಂಗೆ. ಅಮ್ಮಂಗೆ ಈಡಿಯಂ ಉಳಿದಿದೆ.”

ಬೈಗುಳ ಉಳಿಯುತ್ತದೆಯಂತೆ, ಸ್ತೋತ್ರ ಉಳಿಯುತ್ತದೆಯಂತೆ. ನಮ್ಮ ಮಿಸ್‌ಗೆ ಹೊಂಗೆ ಮರದ ಕೆಳಗಿನ ಶನಿವಾರ ಉಳಿದಿತ್ತು. ಮನುಷ್ಯನ ತಲೆಯೊಳಗೆ ಇಂಥದ್ದೊಂದು ಏರ್ಪಾಡು ಮಾಡಿಟ್ಟವರು ಯಾರು? ನನಗಂತೂ ಆವತ್ತು ರಾತ್ರಿ ಊಟ ಸೇರಲಿಲ್ಲ, ದುಃಖಕ್ಕಲ್ಲ, ಆಶ್ಚರ್ಯಕ್ಕೆ.

ಥೆರಪಿಸ್ಟ್ ಹೋಮ್‌ವರ್ಕ್ ಕೊಟ್ಟರು. ದಿನಾ ಯಾರಾದರೂ ಅರ್ಧ ಹೇಳಬೇಕು, ಉಳಿದರ್ಧ ಮಿಸ್ ಹೇಳಬೇಕು. ಬಾಗಿಲು ಒಂದು ಕಡೆ ತೆರೆದರೆ ಮಿಕ್ಕ ಮಾತೂ ಅದರ ಹಿಂದೆ ಬರಬಹುದು, ಬರದೆಯೂ ಇರಬಹುದು, ಪ್ರಯತ್ನ ನಿಲ್ಲಿಸಬಾರದು ಅಂದರು. ನಾನು ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಿಗೆ ವಿಷಯ ಹಾಕಿದೆ. ಗುಡ್ ಮಾರ್ನಿಂಗ್ ಹೂವಿನ ಚಿತ್ರ ಬಿಟ್ಟು ಬೇರೇನೂ ಕಾಣದ ಗ್ರೂಪ್ ಅದು. ಅರ್ಧ ಗಂಟೆಯಲ್ಲಿ ವಾಯ್ಸ್ ಮೆಸೇಜ್‌ಗಳ ಸುರಿಮಳೆ. ಹೆಬ್ಬೂರಿನ ಮಂಜ ಈಗ ಹಾಲಿನ ಡೈರಿಯ ಸೆಕ್ರೆಟರಿ. ಹಿಂದೆ ಕ್ಯಾನ್‌ಗಳ ಸದ್ದು, ಮುಂದೆ ಇವನ ದನಿ: “ಮಿಸ್, ನಾನು ಮಂಜ. ಟು ಹಿಟ್ ದಿ ನೇಲ್ ಆನ್ ದಿ...” ಗುಬ್ಬಿಯಲ್ಲಿ ಮಿಸ್ ಫೋನಿಗೆ ಬಾಯಿ ಹತ್ತಿರ ತಂದು “ಹೆಡ್” ಅಂದರಂತೆ. ವಿದ್ಯಾರ್ಥಿಗಳು ಟೀಚರ್ ಆಗಿ, ಟೀಚರ್ ವಿದ್ಯಾರ್ಥಿಯಾಗಿ, ಅದೇ ಕ್ಲಾಸ್ ಮತ್ತೆ ನಡೆಯುತ್ತಿತ್ತು.

ಇಷ್ಟಕ್ಕೇ ನಿಂತಿದ್ದರೆ ಇದು ಗಿಣಿಪಾಠ ಅನ್ನಬಹುದಿತ್ತು. ನನಗೂ ಆ ಅನುಮಾನ ಇತ್ತು. ಅರ್ಧ ಕೇಳಿದರೆ ಅರ್ಧ ಬರುತ್ತಿದೆ, ಸರಿ. ಆದರೆ ಅವರು ಅದನ್ನು ತಿಳಿದು ಹೇಳುತ್ತಿದ್ದಾರೋ, ಅದು ತಾನಾಗಿ ಬರುತ್ತಿದೆಯೋ?

ಉತ್ತರ ಒಂದು ಸಂಜೆ ಫೋನಿನಲ್ಲಿ ಬಂತು. ಗಂಗಾಧರಣ್ಣ. “ಲೋ, ‘ಟರ್ನ್ ಎ ಡೆಫ್ ಇಯರ್’ ಅಂದ್ರೆ ಏನ್ಲಾ?”

“ಯಾಕಣ್ಣಾ?”

“ಪಕ್ಕದ್ಮನೆಯವ್ರು ನೋಡಕ್ಕೆ ಬಂದಿದ್ರು. ಇವ್ಳ ಮುಂದೇನೇ ‘ಪಾಪ, ಇವ್ರಿಗೆ ಏನಾದ್ರೂ ಗೊತ್ತಾಗುತ್ತಾ, ತಲೆ ನೆಟ್ಟಗೈತಾ’ ಅಂತ ಕೇಳಿದ್ರು. ನಂಗೆ ಉರ್ದೋಯ್ತು, ಎದ್ದು ನಿಂತೆ. ಇವ್ಳು ನನ್ ಕೈ ಹಿಡ್ಕೊಂಡು ಅಂಗಂದ್ಲು.”

“ಕೇಳಿದ್ರೂ ಕೇಳದಂಗೆ ಇರು ಅಂತ ಅಣ್ಣಾ.”

ಆ ಕಡೆ ಗಂಗಾಧರಣ್ಣ ನಗತೊಡಗಿದರು. ಯಾರೂ ಅರ್ಧ ಹೇಳಿಕೊಟ್ಟಿರಲಿಲ್ಲ. ಮಿಸ್ ತಮಗೆ ಉಳಿದಿದ್ದ ಸಾಮಾನಿನಲ್ಲೇ ಹುಡುಕಿ, ಸಮಯಕ್ಕೆ ಸರಿಯಾದದ್ದನ್ನು ತೆಗೆದು ಕೊಟ್ಟಿದ್ದರು.

ಅಲ್ಲಿಂದ ಶುರುವಾಯಿತು ನೋಡಿ. ಮೆಟ್ಟಿಲು ಹತ್ತುವಾಗ ಗಂಗಾಧರಣ್ಣ ಕೈ ಕೊಡಲು ಹೋದರೆ “ಪೀಸ್ ಆಫ್ ಕೇಕ್”, ಅಂದರೆ ಇದೇನು ಮಹಾ, ನೀರು ಕುಡಿದಷ್ಟು ಸುಲಭ. ಮಾತ್ರೆಯನ್ನು ಪುಡಿ ಮಾಡಿ ಬಾಳೆಹಣ್ಣಿನಲ್ಲಿ ಸೇರಿಸಿ ಕೊಟ್ಟರೆ “ಸ್ಮೆಲ್ ಎ ರ್ಯಾಟ್”. ಇದರಲ್ಲೇನೋ ಮಸಲತ್ತು ಇದೆ ಅಂತ. (“ಇಲಿ ಅಂತಾಳಲ್ಲಯ್ಯಾ, ನಮ್ಮನೇಲಿ ಇಲಿನೇ ಇಲ್ಲ” ಅಂತ ಅದಕ್ಕೂ ಫೋನ್ ಬಂದಿತ್ತು.) ದಿನಕ್ಕೊಂದಾದರೂ ಕರೆ. ಮಿಸ್ ಹೇಳಿದ್ದನ್ನು ಗಂಗಾಧರಣ್ಣ ಟಿಕೆಟ್ ನಂಬರ್ ಓದುವ ಹಾಗೆ ಬಿಡಿಬಿಡಿಯಾಗಿ ಓದುವುದು, ನಾನು ಅರ್ಥ ಹೇಳುವುದು. ಗಂಡ ಹೆಂಡತಿ ಮಾತಾಡುವುದಕ್ಕೆ ನಡುವೆ ನಾನೊಬ್ಬ ದುಭಾಷಿ.

ವಸಂತನರಸಾಪುರದ ಫ್ಯಾಕ್ಟರಿಯೊಂದರ ಆಫೀಸಿನಲ್ಲಿ ನನ್ನ ಕೆಲಸ. ಅಲ್ಲಿಯೂ ದಿನವಿಡೀ ಈಡಿಯಂಗಳೇ. ಮೀಟಿಂಗ್ ಶುರುವಾದರೆ “ಬ್ರೇಕ್ ದಿ ಐಸ್”. (ಏಪ್ರಿಲ್ ತಿಂಗಳ ತುಮಕೂರಿನಲ್ಲಿ ಎಲ್ಲಿಯ ಐಸ್?) ಕೆಲಸ ಜಾರಿಸಬೇಕಾದರೆ “ಬಾಲ್ ಈಸ್ ಇನ್ ಯುವರ್ ಕೋರ್ಟ್”. ನಾವೆಲ್ಲ ಇವನ್ನು ಟೈ ಕಟ್ಟಿಕೊಂಡ ಹಾಗೆ ಕಟ್ಟಿಕೊಳ್ಳುತ್ತೇವೆ, ಸಂಜೆಗೆ ಬಿಚ್ಚಿಡುತ್ತೇವೆ. ಬೇರೆ ಸಾವಿರ ಮಾತಿದ್ದೂ ಇದನ್ನೇ ಆಡುತ್ತೇವೆ. ಮಿಸ್‌ಗೆ ಬೇರೆ ಮಾತೇ ಇಲ್ಲ. ಇದರಲ್ಲೇ ಸಿಟ್ಟು, ಇದರಲ್ಲೇ ತಮಾಷೆ, ಇದರಲ್ಲೇ ಗಂಡನಿಗೆ ಸಮಾಧಾನ. ಆ ಸವೆದ ಮಾತುಗಳಲ್ಲಿ ಇಷ್ಟು ಜೀವ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಆದರೆ ‘ರೀ’ ಬರಲಿಲ್ಲ.

ಅದನ್ನು ಹೇಗೆ ತರಿಸುವುದು? ಅದು ಯಾವ ಪಾಠದಲ್ಲೂ ಇರಲಿಲ್ಲ. ಒಂದೇ ಅಕ್ಷರ, ಅರ್ಧ ಹೇಳಿಕೊಡೋಣ ಅಂದರೆ ಅದರಲ್ಲಿ ಅರ್ಧ ಎಲ್ಲಿದೆ? ಥೆರಪಿಸ್ಟ್ “ರೀ ಅನ್ನಿ ಅಮ್ಮಾ” ಅಂತ ಕನ್ನಡಿ ಹಿಡಿದು ತುಟಿ ತೋರಿಸಿದರು. ಮಿಸ್ ಪ್ರಯತ್ನಪಟ್ಟರು, ಬರೀ ಗಾಳಿ ಬಂತು. ಅವತ್ತು ಮನೆಗೆ ಹೋಗಿ ಅತ್ತರಂತೆ. ಮಾರನೆಯ ದಿನ ಅವರಿಗೆ ಏನೋ ಹೇಳಬೇಕಿತ್ತು. ತಲೆನೋವೋ, ಸೆಖೆಯೋ, ಯಾರಿಗಾದರೂ ಫೋನ್ ಮಾಡಬೇಕಿತ್ತೋ, ಅದಕ್ಕೆ ಹೊಂದುವ ಈಡಿಯಂ ಸಿಗಲಿಲ್ಲ. ಕೈ ಬೀಸಿ ಗೋಡೆ ಕಡೆ ತಿರುಗಿ ಮಲಗಿಬಿಟ್ಟರು. ಅಲ್ಲಿಂದ ವಾಯ್ಸ್ ಮೆಸೇಜ್ ಹಾಕಿದರೂ ಉತ್ತರ ಇಲ್ಲ. ಎರಡು ಸಲ ಬಟವಾಡಿಗೂ ಬರಲಿಲ್ಲ. ಪ್ರಯತ್ನ ನಿಂತರೆ ಬಂದದ್ದೂ ಹೋಗಬಹುದು ಅಂತ ಥೆರಪಿಸ್ಟ್ ನನ್ನ ಹತ್ತಿರ ಹೇಳಿದರು.

ಕಳೆದ ಭಾನುವಾರ ಗುಬ್ಬಿಗೆ ಹೋದೆ.

ಮಿಸ್ ಹಾಲ್‌ನಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ನನ್ನನ್ನು ನೋಡಿ ತಲೆಯಾಡಿಸಿದರು, ಅಷ್ಟೇ. ನಾನು ಒಂದೆರಡು ಈಡಿಯಂ ಅರ್ಧ ಹೇಳಿ ನೋಡಿದೆ. ಕಿಟಕಿಯ ಆಚೆ ನೋಡುತ್ತಾ ಕೂತರು.

ಗಂಗಾಧರಣ್ಣ ಅಡುಗೆಮನೆಯಿಂದ ಕಾಫಿ ತಂದರು. ನನಗೊಂದು ಲೋಟ, ಮಿಸ್‌ಗೊಂದು, ಅವರ ಕೈಯಲ್ಲೊಂದು. ಇಷ್ಟು ದಿನ ಕೇಳಿ ಕೇಳಿ ಅವರಿಗೂ ಹತ್ತಿಪ್ಪತ್ತು ಈಡಿಯಂ ಬಾಯಿಗೆ ಬಂದಿತ್ತು, ಅರ್ಥ ಮಾತ್ರ ಫೋನಿನಲ್ಲಿ ನನ್ನನ್ನೇ ಕೇಳಬೇಕಿತ್ತು. ಬಸ್ಸಿನಲ್ಲಿ ನಿಲ್ಲುತ್ತಿದ್ದ ಹಾಗೆ ಕಾಲು ಅಗಲಿಸಿ ಹೆಂಡತಿಯ ಮುಂದೆ ನಿಂತರು.

“ಕಿಲ್ ಟೂ ಬರ್ಡ್ಸ್ ವಿತ್ ಒನ್...” ಅಂದರು.

ಮಿಸ್ ನೋಡಲಿಲ್ಲ. ಆದರೆ ಅವರ ತುಟಿ ಒಂಚೂರು ಅಲುಗಿದ್ದನ್ನು ನಾನು ಕಂಡೆ. ‘ಸ್ಟೋನ್’ ತುದಿನಾಲಿಗೆಯವರೆಗೂ ಬಂದಿತ್ತು. ಹೇಳಬಾರದು ಅಂತ ತಡೆದುಕೊಂಡಿದ್ದರು. ಒಂದು ಕ್ಷಣ, ಎರಡು ಕ್ಷಣ. ಗಂಗಾಧರಣ್ಣ ಕಾದರು. ಆಮೇಲೆ ತಾವೇ ಗಂಭೀರವಾಗಿ ಪೂರ್ತಿ ಮಾಡಿದರು.

“...ಒನ್ ಟಿಕೆಟ್.”

ಮಿಸ್ ತಿರುಗಿದರು. ಹುಬ್ಬು ಗಂಟಾಯಿತು. ಅವರೊಳಗಿನ ಮೇಷ್ಟ್ರು ಎದ್ದು ನಿಂತದ್ದು ಅವರ ಕುತ್ತಿಗೆಯಲ್ಲೇ ಕಾಣುತ್ತಿತ್ತು. ಕಣ್ಣು ಮುಚ್ಚಿ, ಬೇಸತ್ತು, ಉದ್ದಕ್ಕೆ ಎಳೆದರು.

“ರೀ... ಸ್ಟೋನ್.”

ಹೇಳಿದವರಿಗೂ ತಾನೇನು ಹೇಳಿದೆ ಅಂತ ಆಮೇಲೆ ಕೇಳಿಸಿತು ಅನ್ನಿಸುತ್ತದೆ. ಅವರ ಕೈ ತಾನಾಗಿ ಬಾಯಿಗೆ ಹೋಯಿತು. ಅದೇ ‘ರೀ’. ಒದ್ದೆ ಟವೆಲ್ ಮಂಚದ ಮೇಲೆ ಹಾಕಿದಾಗ, ಗೇಟು ತೆರೆದಿಟ್ಟು ಹೋದಾಗ, ಎಲ್ಲರ ಮನೆಯಲ್ಲೂ ಕೇಳುವ ಅದೇ ‘ರೀ’. ಯಾವ ಥೆರಪಿಸ್ಟ್ ಕನ್ನಡಿ ಹಿಡಿದರೂ ಬರದದ್ದು ಗಂಡನ ಮೇಲಿನ ಸಿಟ್ಟಿಗೆ ಬಂದಿತ್ತು.

ಗಂಗಾಧರಣ್ಣ “ಏನೇ” ಅಂದರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಆಮೇಲೆ ಲೋಟ ತೊಳೆಯುತ್ತೇನೆ ಅಂತ ಅಡುಗೆಮನೆಗೆ ಹೋದರು. ಲೋಟದ ತುಂಬ ಕಾಫಿ ಇತ್ತು, ಅದನ್ನೂ ಚೆಲ್ಲಿ ತೊಳೆದರು.

ನಾನು ಹಿಂದೆಯೇ ಹೋದೆ. “ಅಣ್ಣಾ, ನಿಜ ಹೇಳಿ. ಬೇಕಂತಲೇ ತಪ್ಪು ಹೇಳಿದ್ರಾ?”

ನಲ್ಲಿಯ ಕಡೆ ಮುಖ ಮಾಡಿಕೊಂಡೇ ಹೇಳಿದರು. “ತಪ್ಪೆಲ್ಲಾಯ್ತು ಬುಡಪ್ಪಾ. ‘ರೀ’ನೂ ಬಂತು, ‘ಸ್ಟೋನ್’ನೂ ಬಂತು. ಒಂದೇ ಟಿಕೆಟ್‌ಗೆ ಎರಡು ಹಕ್ಕಿ ಬಿತ್ತೋ ಇಲ್ವೋ?”

ಆವತ್ತಿಂದ ಮೀಟಿಂಗ್‌ನಲ್ಲಿ ನಾನೂ ‘ಒನ್ ಟಿಕೆಟ್’ ಅಂತಲೇ ಹೇಳುತ್ತಿದ್ದೇನೆ. ತಿದ್ದುವವರು ಮೊದಲು ಒಂದು ಸಲ ‘ರೀ’ ಅನ್ನಲಿ.